ಮಾಸ್ಕೋದ ಸಂಗೀತಗಾರ, ಮೈಸೂರಿನ ಕೇಳುಗ

1947ನೆಯ ಇಸವಿ. ಲಂಡನ್ನಿನಲ್ಲಿ ಧ್ವನಿಮುದ್ರಣ ನಡೆದಿದೆ. ಪಿಯಾನೋದ ಮುಂದೆ ಕುಳಿತವರು 67 ವರ್ಷದ ಒಬ್ಬ ರಷ್ಯನ್ ಸಂಗೀತಗಾರರು. ಯುದ್ಧಕಾಲದಲ್ಲಿ ಹೃದಯಾಘಾತಕ್ಕೆ ತುತ್ತಾಗಿ ಚೇತರಿಸಿಕೊಂಡವರು. ಅವರ ಜೊತೆಗೆ ಒಂದು ದೊಡ್ಡ ವಾದ್ಯವೃಂದವಿದೆ. ನುಡಿಸುತ್ತಿರುವುದು ಅವರೇ ರಚಿಸಿದ ಕೃತಿಗಳನ್ನು. ಇಷ್ಟೆಲ್ಲ ವ್ಯವಸ್ಥೆಯ ಖರ್ಚನ್ನು ವಹಿಸಿಕೊಂಡವರು ಯಾರು? ಬ್ರಿಟಿಷ್ ಸರಕಾರವಲ್ಲ, ಅವರ ತಾಯ್ನಾಡೂ ಅಲ್ಲ. ಸಾವಿರಾರು ಮೈಲಿ ದೂರದ ಮೈಸೂರಿನ ಮಹಾರಾಜರಾಗಿದ್ದ ಜಯಚಾಮರಾಜ ಒಡೆಯರ್! ಆಗ ಅವರ ವಯಸ್ಸು ಕೇವಲ 28.

ಆ ಸಂಗೀತಗಾರರ ಹೆಸರು ನಿಕೊಲಾಯ್ ಮೆಟ್ನರ್. ಈ ಹೆಸರನ್ನು ನಮ್ಮಲ್ಲಿ ಕೇಳಿದವರು ಬಹಳ ವಿರಳ. ಯುರೋಪಿನಲ್ಲಿಯೂ ಅವರು ಬಹುಕಾಲ ಉಪೇಕ್ಷೆಗೆ ಒಳಗಾದವರೇ. ಇಂದು ಅವರ ಕೃತಿಗಳನ್ನು ಅವರದೇ ಬೆರಳುಗಳಿಂದ ಕೇಳಲು ಸಾಧ್ಯವಾಗಿರುವುದಕ್ಕೆ ಕನ್ನಡ ನಾಡಿನ ಒಬ್ಬ ಕೇಳುಗ ಕಾರಣ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು.

ಬೆಳಗಾವಿ ಕ್ಯಾಂಪಿನ ಮಕ್ಕಳಿಗೆ ಪಾಶ್ಚಾತ್ಯ ವಾದ್ಯಗಳ ಧ್ವನಿ ತೀರ ಹೊಸದೇನೂ ಅಲ್ಲ. ಮರಾಠಾ ಲಘು ಪದಾತಿ ದಳದ ಬ್ಯಾಂಡು, ಚರ್ಚುಗಳ ಸಮೂಹಗಾಯನ ಇಲ್ಲಿಯವರ ಕಿವಿಗೆ ಬಿದ್ದೇ ಇರುತ್ತವೆ. ಆದರೆ ಕಿವಿಗೆ ಬೀಳುವುದು ಬೇರೆ, ಕೇಳುವುದು ಬೇರೆ. ಮೆಟ್ನರ್ ಅವರ ಕಥೆ ಈ ಎರಡರ ನಡುವಿನ ಅಂತರದ ಕಥೆಯೇ ಆಗಿದೆ.

ಪಿಯಾನೋ ಬಿಟ್ಟು ಬಾಳಿಲ್ಲ

ಮೆಟ್ನರ್ ಹುಟ್ಟಿದ್ದು ಮಾಸ್ಕೋದಲ್ಲಿ, ಈಗಿನ ಪಂಚಾಂಗದ ಪ್ರಕಾರ 1880ರ ಜನವರಿ 5ರಂದು. 1900ರಲ್ಲಿ ಮಾಸ್ಕೋ ಸಂಗೀತ ವಿದ್ಯಾಲಯದ ಶಿಕ್ಷಣ ಮುಗಿಸಿದಾಗ ಅವರ ಮುಂದೆ ಪಿಯಾನೋ ವಾದಕನ ಉಜ್ವಲ ಭವಿಷ್ಯವಿತ್ತು. ಊರೂರು ಸುತ್ತಿ ಕಛೇರಿ ಕೊಟ್ಟಿದ್ದರೆ ಹಣ, ಹೆಸರು ಎರಡೂ ಬರುತ್ತಿದ್ದವು. ಆದರೆ ಗುರು ತನೆಯೆವ್ ಅವರ ಪ್ರೋತ್ಸಾಹದಿಂದ ಅವರು ಕೃತಿರಚನೆಯನ್ನೇ ಬಾಳಿನ ಮುಖ್ಯ ಕೆಲಸವಾಗಿ ಆರಿಸಿಕೊಂಡರು. ಮನೆಯವರು ಗಾಬರಿಯಾದರು. ಗೊತ್ತಿರುವ ದಾರಿ ಬಿಟ್ಟು ಗೊತ್ತಿಲ್ಲದ ದಾರಿ ಹಿಡಿದ ಮಗನ ಬಗ್ಗೆ ಯಾವ ದೇಶದ ಪಾಲಕರಿಗಾದರೂ ಅದೇ ಚಿಂತೆ ತಾನೆ?

ಅವರ ರಚನೆಗಳಲ್ಲಿ ಒಂದು ವಿಶೇಷವಿದೆ. ಅವರು ಬರೆದ ಪ್ರತಿಯೊಂದು ಕೃತಿಯಲ್ಲೂ ಪಿಯಾನೋ ಇದೆ! 14 ಪಿಯಾನೋ ಸೊನಾಟಾಗಳು, ವಾದ್ಯವೃಂದದೊಡನೆ ನುಡಿಸುವ 3 ಕಾನ್ಸರ್ಟೋಗಳು, ಪುಷ್ಕಿನ್, ಗಯಟೆ ಮೊದಲಾದ ಕವಿಗಳ ಪದ್ಯಗಳಿಗೆ ಕೂಡಿಸಿದ 100ಕ್ಕೂ ಹೆಚ್ಚು ಹಾಡುಗಳು, ಮತ್ತು 'ಸ್ಕಾಜ್ಕಿ' ಎಂಬ ಪುಟ್ಟ ರಚನೆಗಳು. 'ಸ್ಕಾಜ್ಕಾ' ಎಂದರೆ ರಷ್ಯನ್ ಭಾಷೆಯಲ್ಲಿ ಕಥೆ, ಅಜ್ಜಿ ಹೇಳುವಂಥ ಕಥೆ. 'ಸ್ಕಾಜ್ಕಿ' ಅದರ ಬಹುವಚನ.

ಪಿಯಾನೋ ಹಾರ್ಮೋನಿಯಂನಂತೆ ಕಪ್ಪು-ಬಿಳಿ ಪಟ್ಟಿಗಳ ವಾದ್ಯವಾದರೂ ಅದರ ಕಾರ್ಯವಿಧಾನ ಬೇರೆ. ಹಾರ್ಮೋನಿಯಂನಲ್ಲಿ ಗಾಳಿ ಲೋಹದ ಎಲೆಗಳನ್ನು ಕಂಪಿಸುತ್ತದೆ. ಪಿಯಾನೋದಲ್ಲಿ ಪಟ್ಟಿ ಒತ್ತಿದಾಗ ಉಣ್ಣೆಯ ಹೊದಿಕೆಯ ಪುಟ್ಟ ಸುತ್ತಿಗೆ ಹೋಗಿ ತಂತಿಗೆ ಬಡಿಯುತ್ತದೆ. 88 ಪಟ್ಟಿಗಳು, 200ಕ್ಕೂ ಹೆಚ್ಚು ತಂತಿಗಳು. ಹತ್ತು ಬೆರಳುಗಳಿಂದ ಏಕಕಾಲಕ್ಕೆ ಮೂರು ನಾಲ್ಕು ಧಾಟಿಗಳನ್ನು ಹೆಣೆಯಬಹುದು. ನಮ್ಮ ಸಂಗೀತದಲ್ಲಿ ಶ್ರುತಿಯ ಮೇಲೆ ಒಂದೇ ಧಾಟಿ ಬೆಳೆಯುತ್ತದೆ. ಅವರಲ್ಲಿ ಹಲವು ಧಾಟಿಗಳು ಜಡೆಯಂತೆ ಹೆಣೆದುಕೊಳ್ಳುತ್ತವೆ. ಮೆಟ್ನರ್ ಅವರ ಜಡೆ ಬಹಳ ಬಿಗಿ. ಮೊದಲ ಸಲ ಕೇಳಿದವರಿಗೆ ಎಳೆಗಳು ಬಿಡಿಸಿ ಕಾಣುವುದಿಲ್ಲ.

ಸೊನಾಟಾ ಎಂಬುದನ್ನೂ ಸ್ಥೂಲವಾಗಿ ಹೇಳಿಬಿಡುತ್ತೇನೆ. ಅದರ ಮುಖ್ಯ ಭಾಗದಲ್ಲಿ ಮೊದಲು ಎರಡು ಧಾಟಿಗಳ ಪರಿಚಯವಾಗುತ್ತದೆ. ಅನಂತರ ಅವನ್ನು ಒಡೆದು, ತಿರುಗಿಸಿ, ಬೇರೆ ಬೇರೆ ಶ್ರುತಿಗಳಿಗೆ ಒಯ್ದು ವಿಸ್ತರಿಸುತ್ತಾರೆ. ಕೊನೆಗೆ ಅವು ಮನೆಗೆ ಮರಳುತ್ತವೆ. ಖಯಾಲ್ ಗಾಯಕರು ಎಷ್ಟು ಆಲಾಪ, ತಾನುಗಳನ್ನು ಮಾಡಿದರೂ ಸಮಕ್ಕೆ ಬಂದು ಮುಖಡಾ ಹಿಡಿಯುತ್ತಾರಲ್ಲ, ಆ ಮರಳುವಿಕೆಯ ಸುಖವನ್ನು ಬಲ್ಲ ನಮ್ಮ ಭಾಗದವರಿಗೆ ಇದು ಅರ್ಥವಾಗದ್ದೇನಲ್ಲ.

ಏಕೆ ಮರೆತರು?

ಮೆಟ್ನರ್ ಅವರಿಗೆ ಪ್ರತಿಭೆ ಕಡಿಮೆಯಿರಲಿಲ್ಲ. ಜಗತ್ಪ್ರಸಿದ್ಧರಾದ ರಾಖ್ಮಾನಿನಾಫ್ ಅವರ ಆಪ್ತ ಗೆಳೆಯರು. ತಮ್ಮ ನಾಲ್ಕನೆಯ ಕಾನ್ಸರ್ಟೋವನ್ನು ಮೆಟ್ನರ್ ಅವರಿಗೇ ಅರ್ಪಿಸಿದರು. ಮೆಟ್ನರ್ ತಮ್ಮ ಎರಡನೆಯ ಕಾನ್ಸರ್ಟೋವನ್ನು ರಾಖ್ಮಾನಿನಾಫ್ ಅವರಿಗೆ ಅರ್ಪಿಸಿದರು. ಹಾಗಿದ್ದರೂ ಜನ ಒಬ್ಬರನ್ನು ನೆನಪಿಟ್ಟರು, ಇನ್ನೊಬ್ಬರನ್ನು ಮರೆತರು.

ಕಾರಣಗಳು ಹಲವು. ರಷ್ಯಾದ ಕ್ರಾಂತಿಯ ನಂತರ, 1921ರಲ್ಲಿ, ಮೆಟ್ನರ್ ಪತ್ನಿ ಆನಾ ಅವರೊಡನೆ ದೇಶ ಬಿಟ್ಟರು. ಜರ್ಮನಿ, ಫ್ರಾನ್ಸ್ ದಾಟಿ 1935ರಲ್ಲಿ ಲಂಡನ್ನಿಗೆ ಬಂದು ನೆಲೆಸಿದರು. ಹೋದಲ್ಲೆಲ್ಲ ಪರಕೀಯರು. ಎರಡನೆಯದಾಗಿ, ಅದು ಸಂಗೀತದಲ್ಲಿ ಹೊಸ ಪ್ರಯೋಗಗಳ ಕಾಲ. ಹಳೆಯ ನಿಯಮಗಳನ್ನು ಮುರಿಯುವವರಿಗೆ ಮನ್ನಣೆ. ಮೆಟ್ನರ್ ಅದಕ್ಕೆ ಒಪ್ಪಲಿಲ್ಲ. ಹೊಸ ಫ್ಯಾಷನ್ನಿನ ವಿರುದ್ಧ 1935ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಮೂರನೆಯದಾಗಿ, ಅವರ ಸಂಗೀತ ಒಂದೇ ಸಲಕ್ಕೆ ಮನಸ್ಸಿಗೆ ಹಿಡಿಸುವಂಥದ್ದಲ್ಲ. ಎರಡನೆಯ ಮಹಾಯುದ್ಧ ಶುರುವಾದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣವೂ ನಿಂತಿತು. ಅವರ ಶಿಷ್ಯೆ, ಪಿಯಾನೋ ವಾದಕಿ ಎಡ್ನಾ ಐಲ್ಸ್ ಅವರ ಕುಟುಂಬ ಯುದ್ಧಕಾಲದಲ್ಲಿ ಆಶ್ರಯ ಕೊಟ್ಟಿತು. ಮೂರನೆಯ ಕಾನ್ಸರ್ಟೋ ಮುಗಿದದ್ದು ಆ ದಿನಗಳಲ್ಲಿಯೇ.

ಮೈಸೂರಿನ ಕಿವಿ

ಇತ್ತ 1919ರ ಜುಲೈ 18ರಂದು ಹುಟ್ಟಿದ ಜಯಚಾಮರಾಜ ಒಡೆಯರ್ ಚಿಕ್ಕಂದಿನಿಂದಲೇ ಪಿಯಾನೋ ಕಲಿತವರು. ಮೈಸೂರು ಅರಮನೆಯಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರ ಜೊತೆಗೆ ಪಾಶ್ಚಾತ್ಯ ವಾದ್ಯವೃಂದವೂ ಇತ್ತು. ಆಟೋ ಸ್ಮಿತ್ ಎಂಬವರು ಅದರ ನಿರ್ದೇಶಕರಾಗಿದ್ದರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಅರ್ಹತೆಯನ್ನು ಮಹಾರಾಜರು ಪಡೆದಿದ್ದರು. ಆದರೆ 1940ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್, ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ಇಬ್ಬರೂ ತೀರಿಕೊಂಡರು. 21ನೆಯ ವಯಸ್ಸಿಗೆ ಸಿಂಹಾಸನ ಹೆಗಲಿಗೇರಿತು. ವಾದಕರಾಗುವ ಅವಕಾಶ ಉಳಿಯಲಿಲ್ಲ; ಕೇಳುವ ಹಂಬಲ ಉಳಿಯಿತು.

ಅವರ ಬಳಿ ಸಾವಿರಾರು ಗ್ರಾಮಫೋನ್ ತಟ್ಟೆಗಳ ಸಂಗ್ರಹವಿತ್ತು. ಇಂಗ್ಲೆಂಡಿನ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ ಮೈಸೂರಿಗೆ ಬಂದಾಗ ಆ ಸಂಗ್ರಹವನ್ನೂ ಪಿಯಾನೋಗಳನ್ನೂ ಕಂಡು ಬೆರಗಾದರು. ಲೆಗ್ 1945ರಲ್ಲಿ ಕಟ್ಟಿದ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ ಹಣದ ಅಡಚಣೆಯಿತ್ತು. ಲೆಗ್ ಬರೆದಿಟ್ಟಿರುವಂತೆ, ಮಹಾರಾಜರು ವರ್ಷಕ್ಕೆ 10,000 ಪೌಂಡಿನಂತೆ 3 ವರ್ಷಗಳ ನೆರವಿನ ಭರವಸೆ ಕೊಟ್ಟರು. 1948ರಲ್ಲಿ ಆ ವಾದ್ಯವೃಂದದ ಕಛೇರಿ ಸಂಸ್ಥೆಯ ಮೊದಲ ಅಧ್ಯಕ್ಷರೂ ಆದರು. ಇದರ ಜೊತೆಗೆ ಅವರು ಬಯಸಿದ್ದು ಒಂದೇ: ಮೆಟ್ನರ್ ಅವರ ಕೃತಿಗಳು ಅವರ ಜೀವಿತಕಾಲದಲ್ಲಿಯೇ, ಅವರ ಕೈಯಿಂದಲೇ ಮುದ್ರಣವಾಗಬೇಕು. ಹೀಗೆ 1940ರ ದಶಕದ ಕೊನೆಗೆ 'ಮೆಟ್ನರ್ ಸೊಸೈಟಿ' ಹುಟ್ಟಿತು.

ಬಡವರಿರುವ ನಾಡಿನ ಅರಸ ಹೊರದೇಶದ ಸಂಗೀತಕ್ಕೆ ಹಣ ಸುರಿಯಬಹುದೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಒಂದು ಮಾತನ್ನು ಗಮನಿಸಬೇಕು. ಲಂಡನ್ನಿನಲ್ಲಿ ಸಿರಿವಂತರಿಗೆ ಕೊರತೆಯಿರಲಿಲ್ಲ. ಮೆಟ್ನರ್ ಅದೇ ಊರಿನಲ್ಲಿ 10 ವರ್ಷಕ್ಕೂ ಹೆಚ್ಚು ಕಾಲದಿಂದ ಇದ್ದರು. ಆದರೂ ಈ ಕೆಲಸಕ್ಕೆ ಮುಂದೆ ಬಂದವರು ಮೈಸೂರಿನವರು. ಹಣಕ್ಕಿಂತ ಮೊದಲು ಅಲ್ಲಿ ತಿಳಿವಳಿಕೆ ಇತ್ತು.

ನಾಲ್ಕು ನಿಮಿಷದ ತಟ್ಟೆ

ಅಂದಿನ ಧ್ವನಿಮುದ್ರಣ ಎಷ್ಟು ಕಷ್ಟದ್ದೆಂದು ಇಂದಿನ ಮಕ್ಕಳಿಗೆ ಊಹಿಸುವುದೂ ಕಷ್ಟ. ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. 12 ಅಂಗುಲದ ತಟ್ಟೆಯ ಒಂದು ಮುಖದಲ್ಲಿ ಹಿಡಿಯುತ್ತಿದ್ದದ್ದು ಹೆಚ್ಚೆಂದರೆ ನಾಲ್ಕೂವರೆ ನಿಮಿಷದ ಸಂಗೀತ. ಅರ್ಧ ಗಂಟೆಯ ಕಾನ್ಸರ್ಟೋ ಆದರೆ ಏಳೆಂಟು ಮುಖಗಳು ಬೇಕು. ನೀವೇ ಭಾಗಿಸಿ ನೋಡಿ. ನುಡಿಸುವಾಗಲೇ ಗೆರೆ ಕೊರೆಯುವ ಪದ್ಧತಿ. ಒಂದು ಸ್ವರ ತಪ್ಪಿದರೂ ಆ ಮುಖವನ್ನು ಮೊದಲಿಂದ ನುಡಿಸಬೇಕು. ಹೃದ್ರೋಗಿಯಾದ ವೃದ್ಧರು ಈ ಶ್ರಮಕ್ಕೆ ಸಿದ್ಧರಾದರು.

ಆ ತಟ್ಟೆಗಳು ಯಾವುದರಿಂದ ಆಗುತ್ತಿದ್ದವು ಗೊತ್ತೇ? ಅವುಗಳ ಮುಖ್ಯ ವಸ್ತು ಅರಗು. ನಮ್ಮ ಮುತ್ತುಗದಂಥ ಮರಗಳ ಮೇಲೆ ಬದುಕುವ ಪುಟ್ಟ ಕೀಟ ಸ್ರವಿಸುವ ಅಂಟು. ಅರಗಿನ ಉತ್ಪಾದನೆಯಲ್ಲಿ ಭಾರತ ಆಗ ಮುಂಚೂಣಿಯಲ್ಲಿತ್ತು. ಭಾರತದ ಕಾಡಿನ ಕೀಟದ ಅಂಟು, ರಷ್ಯನ್ನನ ಬೆರಳು, ಇಂಗ್ಲೆಂಡಿನ ಯಂತ್ರ, ಮೈಸೂರಿನ ಆಸಕ್ತಿ ಇವೆಲ್ಲ ಒಂದುಗೂಡಿದ್ದರಿಂದ ಈ ಧ್ವನಿ ಉಳಿಯಿತು.

ಎಲ್ಲ ಕೃತಿಗಳನ್ನೂ ಮುದ್ರಿಸುವುದಕ್ಕೆ ಅವರ ಆರೋಗ್ಯ ಬಿಡಲಿಲ್ಲ. ಆದರೂ ಮೂರೂ ಕಾನ್ಸರ್ಟೋಗಳು, ಕೆಲವು ಸೊನಾಟಾಗಳು, ಕಥೆಗಳು, ಹಾಡುಗಳು ಮುದ್ರಣವಾದವು. 1950ರಲ್ಲಿ ಖ್ಯಾತ ಗಾಯಕಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಅವರ ಹಾಡುಗಾರಿಕೆಗೆ ಸ್ವತಃ ಮೆಟ್ನರ್ ಅವರೇ ಪಿಯಾನೋ ನುಡಿಸಿದರು. ಯೌವನದಲ್ಲಿ ಆರಂಭಿಸಿ ಸುಮಾರು 45 ವರ್ಷ ಮನಸ್ಸಿನಲ್ಲಿಟ್ಟುಕೊಂಡು ಮುಗಿಸಿದ ಪಿಯಾನೋ ಪಂಚವಾದ್ಯ ಕೃತಿಯೂ ಅವರ ಕೈಯಿಂದಲೇ ಮುದ್ರಣಗೊಂಡಿತು. ಕೃತಜ್ಞತೆಯಿಂದ ಅವರು ತಮ್ಮ ಮೂರನೆಯ ಕಾನ್ಸರ್ಟೋವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದರು.

1951ರ ನವೆಂಬರ್ 13ರಂದು ಮೆಟ್ನರ್ ಲಂಡನ್ನಿನಲ್ಲಿ ಕಣ್ಣು ಮುಚ್ಚಿದರು. ಇನ್ನು ನಾಲ್ಕು ವರ್ಷ ತಡವಾಗಿದ್ದರೆ ಆ ಧ್ವನಿಗಳಲ್ಲಿ ಬಹುಪಾಲು ಅವರೊಡನೆಯೇ ಹೋಗುತ್ತಿದ್ದವು.

ನೆಟ್ಟ ಬೀಜ ಮೊಳೆಯಿತು

ಪತ್ನಿ ಆನಾ 1958ರಲ್ಲಿ ಹಸ್ತಪ್ರತಿಗಳೊಡನೆ ರಷ್ಯಾಕ್ಕೆ ಮರಳಿದರು. 1959ರಿಂದ 1963ರ ನಡುವೆ ಮಾಸ್ಕೋದಲ್ಲಿ ಅವರ ಸಮಗ್ರ ಕೃತಿಗಳು 12 ಸಂಪುಟಗಳಲ್ಲಿ ಪ್ರಕಟವಾದವು. ಎಮಿಲ್ ಗಿಲೆಲ್ಸ್ ಅವರಂಥ ಮಹಾನ್ ವಾದಕರು ಅವನ್ನು ನುಡಿಸಿದರು. 1990ರ ದಶಕದಲ್ಲಿ ಕೆನಡಾದ ಮಾರ್ಕ್-ಆಂದ್ರೆ ಹ್ಯಾಮಲಿನ್ ಎಲ್ಲ 14 ಸೊನಾಟಾಗಳನ್ನು ಮುದ್ರಿಸಿದರು. ಹಳೆಯ ಮೈಸೂರು ತಟ್ಟೆಗಳೂ ಸಿ.ಡಿ. ರೂಪದಲ್ಲಿ ಮರಳಿ ಬಂದವು.

ಮಹಾರಾಜರ ಔದಾರ್ಯ ಇಲ್ಲಿಗೇ ನಿಲ್ಲಲಿಲ್ಲ. ಜರ್ಮನಿಯ ರಿಚರ್ಡ್ ಸ್ಟ್ರೌಸ್ ಅವರ 'ಕೊನೆಯ ನಾಲ್ಕು ಹಾಡುಗಳು' 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಸಲ ಕೇಳಿಬಂದದ್ದಕ್ಕೂ ಅವರ ನೆರವೇ ಆಧಾರ. ಇತ್ತ ತಾವೂ 'ಶ್ರೀವಿದ್ಯಾ' ಅಂಕಿತದಲ್ಲಿ ಸಂಸ್ಕೃತದಲ್ಲಿ 94 ಕರ್ನಾಟಕ ಕೃತಿಗಳನ್ನು ರಚಿಸಿದರು. ಪರರ ಸಂಗೀತವನ್ನು ಪ್ರೀತಿಸಿದ್ದರಿಂದ ತಮ್ಮದು ಸಣ್ಣದಾಗಲಿಲ್ಲ. ಅವರು ನಿಧನರಾದದ್ದು 1974ರ ಸೆಪ್ಟೆಂಬರ್ 23ರಂದು.

ಪಾಲಕರಿಗೆ ಎರಡು ಮಾತು

ನಮ್ಮ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರಿಗೆ ಬಾಲ್ಯದಲ್ಲಿಯೇ ಕೇಳುಗರು ಸಿಕ್ಕರು, ಮುಂಬಯಿಯಲ್ಲಿ ದೇವಧರರಂಥ ಗುರು ಸಿಕ್ಕರು. ಮೆಟ್ನರ್ ಅವರಿಗೆ ಸರಿಯಾದ ಕೇಳುಗ ಸಿಕ್ಕಿದ್ದು ಬಾಳಿನ ಸಂಜೆಯಲ್ಲಿ. ಸಿಗದೇ ಹೋದವರು ಇನ್ನೆಷ್ಟು ಜನರೋ! ಒಳ್ಳೆಯದು ತಾನಾಗಿ ಉಳಿಯುತ್ತದೆ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ಯಾರಾದರೂ ಅದನ್ನು ಗುರುತಿಸಿ ಉಳಿಸಿಕೊಳ್ಳಬೇಕು. ಗುರುತಿಸುವುದಕ್ಕೆ ಕಲಿತ ಕಿವಿ ಬೇಕು.

ನಮ್ಮ ಮನೆಗಳಲ್ಲಿ ಹತ್ತನೆಯ ತರಗತಿ ಬಂದ ಕೂಡಲೇ ಮಕ್ಕಳ ತಬಲಾ, ಹಾರ್ಮೋನಿಯಂ ಅಟ್ಟ ಸೇರುತ್ತವೆ. ಇದರಿಂದ ಮುಂದೆ ಏನು ಉಪಯೋಗ ಎಂಬ ಪ್ರಶ್ನೆ ಬರುತ್ತದೆ. ಪಿಯಾನೋ ಕಲಿತ ಜಯಚಾಮರಾಜರು ಕಛೇರಿಯ ವಾದಕರಾಗಲಿಲ್ಲ. ಆದರೆ ಆ ಕಲಿಕೆಯಿಂದಲೇ ಮತ್ತೊಬ್ಬರ ಜೀವಮಾನದ ದುಡಿಮೆ ಉಳಿಯಿತು. ನಿಮ್ಮ ಮಗ ಗಾಯಕನಾಗದಿರಬಹುದು, ಮಗಳು ವಾದಕಿಯಾಗದಿರಬಹುದು. ಒಳ್ಳೆಯ ಕೇಳುಗರಾದರೆ ಅದೂ ಒಂದು ಸಾಧನೆಯೇ.

ವಿದ್ಯಾರ್ಥಿ ಮಿತ್ರರೇ, ಮೆಟ್ನರ್ ಅವರನ್ನು ಕೇಳಲು ಇಂದು ಅರಮನೆ ಬೇಕಾಗಿಲ್ಲ, ಮೊಬೈಲಿನಲ್ಲಿಯೇ ಸಿಗುತ್ತಾರೆ. 'ಸೊನಾಟಾ ರೆಮಿನಿಸೆನ್ಜಾ' ಎಂಬ ಕೃತಿಯಿಂದ ಆರಂಭಿಸಿ. ಅದು ನೆನಪುಗಳ ಸೊನಾಟಾ. ಮೊದಲ ಸಲ ಕೇಳಿ ಬೇಸರವಾದರೆ ಬಿಡಬೇಡಿ. ಒಂದು ವಾರ ಬಿಟ್ಟು ಮತ್ತೆ ಕೇಳಿ. ಮೂರನೆಯ ಸಲಕ್ಕೆ ಆರಂಭದ ಧಾಟಿ ಮರಳಿ ಬರುವುದನ್ನು ನಿಮ್ಮ ಕಿವಿ ತಾನೇ ಗುರುತಿಸೀತು.