ಮನೆಯೊಳಗಣ ಕಡಲು: ನೀರು ಬದಲಾಯಿಸುವಾಗ ಒದಗುವ ಅವಾಂತರಗಳು

ಬಸ್ತಿಹಳ್ಳಿಯಂಥ ಊರಿನಲ್ಲಿ ಕುಳಿತು ಕಡಲಿನ ಮಾತನ್ನೆತ್ತಿದರೆ ವಾಚಕರು ನಕ್ಕಾರು. ಹಳೇಬೀಡಿಗೆ ಅಂಟಿಕೊಂಡಿರುವ ಈ ಊರು ಕಡಲ ಮಟ್ಟಕ್ಕಿಂತ ೮೦೦ ಮೀಟರಿಗೂ ಮೇಲಿದೆ. ಇಲ್ಲಿಂದ ಅಲೆಯ ಸದ್ದನ್ನು ಕೇಳಬೇಕಾದರೆ ಬೇಲೂರನ್ನು ದಾಟಿ ಘಟ್ಟವನ್ನಿಳಿದು ಮಂಗಳೂರನ್ನು ಸೇರಬೇಕು. ಹೊಯ್ಸಳರ ರಾಜಧಾನಿಗೆ ದೋರಸಮುದ್ರವೆಂಬ ಹೆಸರಿದ್ದುದು ನಿಜ. ಆದರೆ ಆ ಸಮುದ್ರವು ಸಿಹಿನೀರಿನ ಕೆರೆ. ೧೧೩೩ರಲ್ಲಿ ಕಟ್ಟಿದ ಪಾರ್ಶ್ವನಾಥ ಬಸದಿಯ ಕನ್ನಡಿಯಂಥ ಕಂಬಗಳನ್ನು ನೋಡಲು ಬಂದ ನೆಂಟರು ನಮ್ಮ ಮನೆಗೂ ಬಂದು, ನಡುಮನೆಯ ಗಾಜಿನ ತೊಟ್ಟಿಯಲ್ಲಿ ಕಿತ್ತಳೆ ಬಣ್ಣದ ಕಡಲ ಮೀನುಗಳು ಆಡುವುದನ್ನು ಕಂಡು, "ಈ ಉಪ್ಪುನೀರನ್ನು ಎಲ್ಲಿಂದ ಹೊತ್ತು ತರುತ್ತೀರಿ?" ಎಂದು ಕೇಳದೆ ಹೋದುದಿಲ್ಲ.

ಹೊತ್ತು ತರುವುದಿಲ್ಲ, ಮನೆಯಲ್ಲಿಯೇ ಕಲಸುತ್ತೇವೆ. ಇದೇನೂ ಹೊಸ ವಿದ್ಯೆಯಲ್ಲ. ಆಂಗ್ಲ ದೇಶದ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿಶಾಸ್ತ್ರಜ್ಞನು ೧೮೫೪ರಲ್ಲಿಯೇ ಅಡಿಗೆಯ ಉಪ್ಪು ಮೊದಲಾದ ನಾಲ್ಕು ಬಗೆಯ ಲವಣಗಳನ್ನು ಸಿಹಿನೀರಿನಲ್ಲಿ ಕರಗಿಸಿ, ಲಂಡನ್ನಿನ ಮನೆಯಲ್ಲಿ ಕೂತು ಕಡಲನ್ನು ಮಾಡಿಕೊಂಡಿದ್ದನು. ಈಗ ಅಂಗಡಿಯಲ್ಲಿ ಸಿಕ್ಕುವ ಸಿದ್ಧ ಲವಣದಲ್ಲಿ ಸುಣ್ಣ, ಮೆಗ್ನೀಸಿಯಂ ಮೊದಲಾದುವೆಲ್ಲ ತಕ್ಕ ಪ್ರಮಾಣದಲ್ಲಿರುತ್ತವೆ. ಕೇವಲ ಅಡಿಗೆಯ ಉಪ್ಪಿನಿಂದ ಈ ಕೆಲಸವಾಗದು.

ಮೊದಲಿಗೆ ಒಂದು ಎಚ್ಚರಿಕೆಯನ್ನು ಹೇಳಿಬಿಡಬೇಕು. ಹವಳದ ತೊಟ್ಟಿಯೆಂದೊಡನೆ ಚಿತ್ರಗಳಲ್ಲಿ ಕಾಣುವ ಕೊಂಬೆಕೊಂಬೆಯ ಕಲ್ಲುಹವಳವು ಕಣ್ಣಮುಂದೆ ಬರುವುದು ಸಹಜ. ನಮ್ಮ ನಾಡಿನಲ್ಲಿಯೇ ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತ ಅಂಥ ಹವಳಗಳಿವೆ. ಆದರೆ ದಿಬ್ಬ ಕಟ್ಟುವ ಕಲ್ಲುಹವಳಗಳೆಲ್ಲವೂ, ಕಪ್ಪು ಹವಳ, ಬೆಂಕಿ ಹವಳ, ಕಡಲ ಬೀಸಣಿಗೆಗಳೂ ೨೦೦೧ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಸೇರಿವೆ. ಅವನ್ನು ಕೀಳುವುದೂ ಮಾರುವುದೂ ಅಪರಾಧ. ಆದುದರಿಂದ ನಮ್ಮ ತೊಟ್ಟಿಯಲ್ಲಿರುವುದು ಸಿಮೆಂಟಿನಿಂದ ಎರಕಹೊಯ್ದ ಬಂಡೆ. ಅದರ ಮೇಲೆ ಗುಂಡಿಯಾಕಾರದ ಮೆತ್ತನೆಯ ಹವಳಜಾತಿಯ ಜೀವಿಗಳ ಒಂದು ಗೊಂಚಲು. ತೊಟ್ಟಿಯಲ್ಲೇ ಹುಟ್ಟಿಬೆಳೆದ ಕೋಡಂಗಿ ಮೀನಿನ ಒಂದು ಜೋಡಿ. ನಾಲ್ಕು ಶಂಖದ ಹುಳುಗಳು. ಕೆಂಪು ಬೆನ್ನಿನ ಒಂದು ಸಿಗಡಿಯೂ ಇದ್ದಿತು. ಕೋಡಂಗಿ ಮೀನುಗಳನ್ನು ಮರಿಮಾಡಿಸುವ ಕ್ರಮವನ್ನು ನಮ್ಮ ದೇಶದ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರೇ ಸಿದ್ಧಪಡಿಸಿರುವುದರಿಂದ, ಕಡಲನ್ನು ಕೊಳ್ಳೆಹೊಡೆಯದೆ ಇವನ್ನು ಸಾಕಬಹುದು.

ತೊಟ್ಟಿಯ ನೀರಿನಲ್ಲಿ ಮೀನಿನ ಹೊಲಸೂ ಮಿಕ್ಕ ಆಹಾರವೂ ಸೇರಿ ಕ್ರಮೇಣ ನೈಟ್ರೇಟು ಹೆಚ್ಚುತ್ತದೆ. ಅದಕ್ಕಾಗಿ ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು ನೀರನ್ನು ತೆಗೆದು ಹೊಸದನ್ನು ಹಾಕುವುದು ವಾಡಿಕೆ. ಇದಲ್ಲದೆ ದಿನವೂ ಆರಿಹೋಗುವ ನೀರನ್ನು ತುಂಬಬೇಕು. ಆರುವುದು ನೀರು ಮಾತ್ರ, ಉಪ್ಪಲ್ಲ. ಆದಕಾರಣ ಆರಿದುದಕ್ಕೆ ಸಿಹಿನೀರನ್ನೂ, ತೆಗೆದುದಕ್ಕೆ ಉಪ್ಪುನೀರನ್ನೂ ಹಾಕಬೇಕು. ಹೇಳುವುದಕ್ಕೆ ಇಷ್ಟು ಸುಲಭವಾದ ಈ ಭೇದವೇ ಹೊಸಬರ ಹಲವು ಅವಾಂತರಗಳಿಗೆ ಮೂಲ. ನಾವು ಹೊಸಬರಾಗಿರಲಿಲ್ಲ, ಆದರೂ ಎಡವಿದೆವು. ಆ ಕಥೆ ಹೀಗೆ.

ಧನುರ್ಮಾಸದ ಒಂದು ಸಂಜೆ. ನಮ್ಮಲ್ಲಿ ಒಂದೇ ಅಳತೆಯ, ಒಂದೇ ನೀಲಿ ಬಣ್ಣದ ಎರಡು ಡ್ರಮ್ಮುಗಳಿದ್ದುವು. ಒಂದರಲ್ಲಿ ಶೋಧಕದಿಂದಿಳಿದ ಸಿಹಿನೀರು, ಮತ್ತೊಂದರಲ್ಲಿ ಹಿಂದಿನ ರಾತ್ರಿಯೇ ಲವಣ ಬೆರೆಸಿಟ್ಟ ನೀರು. ಹಿಂದಿನ ವಾರ ಊರಿಗೆ ಹೋಗಿದ್ದುದರಿಂದ ಈ ಸಲ ಎರಡು ವಾರದ ಪಾಲನ್ನು, ಎಂದರೆ ೨೦೦ ಲೀಟರಿನಲ್ಲಿ ೪೦ ಲೀಟರನ್ನು, ಒಟ್ಟಿಗೆ ಬದಲಿಸುವುದೆಂದು ತೀರ್ಮಾನಿಸಿದ್ದೆವು. ಹಳೆಯ ನೀರನ್ನು ಇಳಿಸಿ ಮುಗಿಸುವಷ್ಟರಲ್ಲಿ ವಿದ್ಯುತ್ತು ಹೋಯಿತು. ದೀಪದ ಮಬ್ಬು ಬೆಳಕಿನಲ್ಲಿ ಕೈಗೆ ಸಿಕ್ಕ ಡ್ರಮ್ಮಿನಿಂದ ಬಕೆಟ್ಟು ಬಕೆಟ್ಟಾಗಿ ತುಂಬಿದೆವು. ಬೆಳಕು ಬಂದ ಮೇಲೆ ನೋಡಿದರೆ ಶಂಖದ ಹುಳುಗಳೆಲ್ಲ ಬಾಗಿಲು ಮುಚ್ಚಿಕೊಂಡು ಮರಳಿಗೆ ಬಿದ್ದಿದ್ದುವು. ಹವಳದ ಗುಂಡಿಗಳು ಮುದುಡಿದ್ದುವು. ಸಿಗಡಿಯು ಮೂಲೆ ಸೇರಿತ್ತು. ಮಾಪಕವನ್ನು ಅದ್ದಿದಾಗ ೧.೦೨೬ ತೋರಿಸಬೇಕಾದ ಕಡೆ ೧.೦೨೧ ತೋರಿಸಿತು. ಲೀಟರಿಗೆ ೩೫ ಗ್ರಾಮಿನಷ್ಟಿದ್ದ ಲವಣವು ೨೮ಕ್ಕೆ ಇಳಿದಿದ್ದಿತು.

ಇಲ್ಲಿಗೆ ಆದುದು ಕತ್ತಲಲ್ಲಿ ಮಾಡಿದ ತಪ್ಪು. ಮುಂದಿನದು ಬೆಳಕಿನಲ್ಲಿ, ಲೆಕ್ಕ ಹಾಕಿಯೇ ಮಾಡಿದ ತಪ್ಪು. ಲೀಟರಿಗೆ ಏಳು ಗ್ರಾಮಿನಂತೆ ೨೦೦ ಲೀಟರಿಗೆ ೧೪೦೦ ಗ್ರಾಮು ಕೊರತೆಯೆಂದು ಗುಣಿಸಿ, ಅಷ್ಟು ಲವಣವನ್ನು ಬಕೆಟ್ಟಿನಲ್ಲಿ ಕರಗಿಸಿ, ಒಂದು ಗಂಟೆಯೊಳಗಾಗಿ ತೊಟ್ಟಿಗೆ ಹೊಯ್ದೆವು. ಮಾಪಕವು ಸರಿಯಾದ ಅಂಕೆಯನ್ನು ತೋರಿಸಿದುದನ್ನು ಕಂಡು ನೆಮ್ಮದಿಯಿಂದ ಊಟಕ್ಕೆ ಕುಳಿತೆವು. ಬೆಳಗ್ಗೆ ಸಿಗಡಿ ಸತ್ತುಬಿದ್ದಿದ್ದಿತು. ಶಂಖದ ಹುಳುಗಳಲ್ಲಿ ಎರಡು ಮತ್ತೆ ಬಾಗಿಲು ತೆರೆಯಲೇ ಇಲ್ಲ. ಎರಡು ವರ್ಷದಿಂದ ಮನೆಯ ಮಕ್ಕಳ ಕೈಬೆರಳನ್ನು ಉಜ್ಜಿ ಶುಚಿಮಾಡುತ್ತಿದ್ದ ಸಿಗಡಿಯದು. ಅದನ್ನು ಕೊಂದುದು ಸಿಹಿನೀರೇ ಆಗಿದ್ದರೆ ವಿಧಿಯೆಂದು ಸುಮ್ಮನಿರಬಹುದಿತ್ತು.

ಕಾರಣವನ್ನು ವಿಚಾರಿಸೋಣ. ಕಡಲ ಮೀನಿನ ರಕ್ತದಲ್ಲಿರುವ ಲವಣವು ಕಡಲ ನೀರಿನ ಮೂರರಲ್ಲೊಂದು ಪಾಲಿನಷ್ಟು ಮಾತ್ರ. ಅದು ಸದಾ ಉಪ್ಪುನೀರನ್ನು ಕುಡಿಯುತ್ತ, ಹೆಚ್ಚಾದ ಉಪ್ಪನ್ನು ಕಿವಿರುಗಳ ಮೂಲಕ ಹೊರದೂಡುತ್ತ ಬದುಕುತ್ತದೆ. ನೀರಿನ ಉಪ್ಪು ಒಂದಿಷ್ಟು ತಗ್ಗಿದರೆ ಅದಕ್ಕೆ ದುಡಿಮೆಯು ಕಡಿಮೆಯಾದಂತೆಯೇ ಸರಿ. ಏಕಾಏಕಿ ಹೆಚ್ಚಿದರೆ ಮಾತ್ರ ಕಷ್ಟ. ಸಿಗಡಿ, ಶಂಖದ ಹುಳು, ನಕ್ಷತ್ರಮೀನುಗಳಿಗೆ ಅಂಥ ಸಾಮರ್ಥ್ಯವು ಅತ್ಯಲ್ಪ. ಹೊರಗಿನ ನೀರು ಹೇಗೋ ಒಳಗಿನ ರಸವೂ ಹಾಗೆಯೇ ಆಗುತ್ತದೆ. ಉಪ್ಪು ಇಳಿದಾಗ ಮೈಯ ಕಣಗಳು ನೀರು ಹೀರಿ ಉಬ್ಬುತ್ತವೆ. ಆ ಸ್ಥಿತಿಗೆ ಹೇಗೋ ಹೊಂದಿಕೊಳ್ಳುತ್ತಿರುವಾಗಲೇ ಮತ್ತೆ ಏರಿಸಿದರೆ ಒಮ್ಮೆಗೇ ಸೊರಗುತ್ತವೆ. ನಮ್ಮ ಸಿಗಡಿಗೆ ಒಂದೇ ಸಂಜೆಯಲ್ಲಿ ಎರಡು ಸಲ ಈ ಯಾತನೆಯಾಯಿತು.

ಹಾಗಾದರೆ ಮಾಡಬೇಕಾಗಿದ್ದುದೇನು? ಮೊದಲು ಕೈಕಟ್ಟಿ ನಿಲ್ಲಬೇಕು. ಪಂಪು ನಡೆಯುತ್ತಿದೆಯೇ, ಗಾಳಿ ಬರುತ್ತಿದೆಯೇ ಎಂದು ನೋಡಿ, ಉಪ್ಪನ್ನೂ ಶಾಖವನ್ನೂ ಅಳೆದು ಬರೆದಿಟ್ಟುಕೊಳ್ಳಬೇಕು. ಆ ದಿನ ಮೀನಿಗೆ ಆಹಾರವನ್ನು ಹಾಕಬಾರದು. ತರುವಾಯ ದಿನಕ್ಕೆ ಲೀಟರಿಗೆ ಒಂದು ಗ್ರಾಮಿಗೆ ಮೀರದಂತೆ ಏರಿಸುತ್ತ ಹೋಗಬೇಕು. ನಮ್ಮ ತೊಟ್ಟಿಯಲ್ಲಿ ದಿನಕ್ಕೆ ಸುಮಾರು ಎರಡು ಲೀಟರು ಆರುತ್ತದೆ. ಅದರ ಬದಲಿಗೆ ಸಿಹಿನೀರನ್ನು ಹಾಕದೆ ೩೫ ಗ್ರಾಮಿನ ಉಪ್ಪುನೀರನ್ನೇ ಹಾಕಿ, ಜೊತೆಗೆ ಹತ್ತು ಲೀಟರನ್ನು ತೆಗೆದು ಅದೇ ಉಪ್ಪುನೀರನ್ನು ತೆಳುವಾದ ಕೊಳವೆಯಿಂದ ಹನಿಹನಿಯಾಗಿ ಬಿಟ್ಟಿದ್ದರೆ, ಮೊದಲ ದಿನಕ್ಕೆ ಮುಕ್ಕಾಲು ಗ್ರಾಮಿಗೆ ತುಸು ಕಡಿಮೆ ಏರುತ್ತಿತ್ತು. ಹದಿನೈದು ದಿನದೊಳಗೆ ಎಲ್ಲವೂ ಸರಿಹೋಗುತ್ತಿತ್ತು. ಹದಿನೈದು ದಿನವೆಂದರೆ ನಮಗೆ ದೀರ್ಘವೆಂದು ತೋರಿತು, ಸಿಗಡಿಯನ್ನು ಕೇಳುವವರಾರು?

ಇದಕ್ಕೆ ವಿಪರೀತವಾದ ತಪ್ಪು, ಎಂದರೆ ಆರಿದ ನೀರಿಗೆ ಉಪ್ಪುನೀರನ್ನೇ ತುಂಬುತ್ತ ಬರುವುದು, ನಿಧಾನವಾಗಿ ಕೊಲ್ಲುವಂಥದು. ತಿಂಗಳು ಕಳೆದ ಮೇಲೆ ಮಾಪಕವನ್ನು ನೋಡಿ ಎದೆಯೊಡೆಯುತ್ತದೆ. ಅದನ್ನೂ ನಿಧಾನವಾಗಿಯೇ ಇಳಿಸಬೇಕು. ದಿನಕ್ಕಿಷ್ಟು ಹಳೆಯ ನೀರು ತೆಗೆದು ಅಷ್ಟೇ ಸಿಹಿನೀರು ಹಾಕಿದರಾಯಿತು. ಲವಣದ ಪುಡಿಯನ್ನು ನೇರವಾಗಿ ತೊಟ್ಟಿಗೆ ಸುರಿಯುವುದು ಮಾತ್ರ ಎಂದಿಗೂ ಕೂಡದು. ಕರಗದ ಹರಳು ತಾಕಿದ ಕಡೆ ಜೀವಿಯ ಮೈ ಸುಟ್ಟಂತಾಗುತ್ತದೆ.

ನಮ್ಮ ಭಾಗದ ಚಳಿಗಾಲವನ್ನೂ ಮರೆಯುವಂತಿಲ್ಲ. ತೊಟ್ಟಿಯ ನೀರು ೨೬ ಡಿಗ್ರಿಯಿರುವಾಗ ಹಿತ್ತಿಲ ಡ್ರಮ್ಮಿನ ನೀರು ಬೆಳಗಿನ ಜಾವ ೧೮ಕ್ಕೂ ಇಳಿದಿರುತ್ತದೆ. ಇಪ್ಪತ್ತು ಲೀಟರು ಬದಲಿಸಿದರೆ ತೊಟ್ಟಿಯು ಒಂದು ಡಿಗ್ರಿಯೊಳಗೆ ತಣಿಯುತ್ತದೆ, ಬಾಧೆಯಿಲ್ಲ. ಐವತ್ತು ಲೀಟರು ಹಾಕಿದರೆ ಎರಡು ಡಿಗ್ರಿ ಒಮ್ಮೆಗೇ ಇಳಿದು ಮೀನು ಮಂಕಾಗುತ್ತದೆ. ಆದುದರಿಂದ ಬೆರೆಸಿದ ನೀರನ್ನು ಇಡೀ ರಾತ್ರಿ ಮನೆಯೊಳಗಿಟ್ಟು, ಚಿಕ್ಕ ಪಂಪಿನಿಂದ ಕದಡುತ್ತ, ಕಾವಿನ ಕಡ್ಡಿಯಿಂದ ಬಿಸಿಮಾಡಿ ಸಮಮಾಡಿಕೊಳ್ಳಬೇಕು. ಲವಣಕ್ಕೆ ನೀರು ಹೊಯ್ಯದೆ ನೀರಿಗೆ ಲವಣವನ್ನು ಹಾಕಬೇಕೆಂಬುದೂ ಇಲ್ಲಿಯೇ ನೆನಪಿಡತಕ್ಕದ್ದು; ಇಲ್ಲದಿದ್ದರೆ ಸುಣ್ಣವು ಗರಣೆಗಟ್ಟಿ ನೀರು ಹಾಲಿನಂತಾಗುತ್ತದೆ.

ಊರಿನ ಮೇಲ್ತೊಟ್ಟಿಗೆ ಬ್ಲೀಚಿಂಗ್ ಪುಡಿ ಹಾಕಿದ ದಿನ ನಲ್ಲಿಯ ನೀರಿನಲ್ಲಿ ಕ್ಲೋರಿನ್ನಿನ ವಾಸನೆ ಬರುವುದನ್ನು ಎಲ್ಲರೂ ಬಲ್ಲರು. ಅಂಥ ನೀರು ಶೋಧಿಸದೆ ತೊಟ್ಟಿಗೆ ಸೇರಿದರೆ ಮೀನಿನ ಕಿವಿರುಗಳನ್ನು ಕೆಡಿಸುವುದಲ್ಲದೆ, ಬಂಡೆಯ ಮೇಲೆ ನೆಲೆಸಿ ಹೊಲಸನ್ನು ತಿಂದು ತೊಟ್ಟಿಯನ್ನು ಕಾಪಾಡುವ ಸೂಕ್ಷ್ಮಜೀವಿಗಳನ್ನೂ ಕೊಲ್ಲುತ್ತದೆ. ಹಾಗೆ ಆಗಿಹೋದರೆ ಇಲ್ಲಿ ಮಾತ್ರ ನಿಧಾನ ಸಲ್ಲದು: ಛಾಯಾಚಿತ್ರದವರು ಹಿಂದೆ ಬಳಸುತ್ತಿದ್ದ ಹೈಪೋವನ್ನು, ಎಂದರೆ ಮೀನಿನ ಅಂಗಡಿಯಲ್ಲಿ ಸಿಕ್ಕುವ ಕ್ಲೋರಿನ್‌ನಾಶಕವನ್ನು, ಹೇಳಿದ ಪ್ರಮಾಣದಲ್ಲಿ ಒಡನೆಯೇ ಹಾಕಬೇಕು.

ವಿದ್ಯುತ್ತು ಹೋದಾಗ ಇನ್ನೊಂದು ಪೀಡೆಯುಂಟು. ಕೆಳತೊಟ್ಟಿಯಿಂದ ನೀರನ್ನೆತ್ತುವ ಪಂಪು ನಿಂತೊಡನೆ, ಅದೇ ಕೊಳವೆಯು ಸೈಫನ್ನಾಗಿ ಮೇಲಿನ ನೀರನ್ನು ಹಿಂದಕ್ಕೆಳೆದು, ಕೆಳತೊಟ್ಟಿ ತುಂಬಿ ನಡುಮನೆಗೆ ಹರಿಯುತ್ತದೆ. ಕೊಳವೆಯಲ್ಲಿ ನೀರಿನ ಮಟ್ಟಕ್ಕೆ ತುಸು ಕೆಳಗೆ ಒಂದು ಸಣ್ಣ ತೂತನ್ನು ಕೊರೆದರೆ ಗಾಳಿ ಹೊಕ್ಕು ಹರಿವು ತಾನಾಗಿ ಕಡಿಯುತ್ತದೆ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಒಯ್ಯುವುದರಿಂದ, ಒದ್ದೆ ನೆಲದ ಮೇಲೆ ಕಾಲಿಡುವುದಕ್ಕೆ ಮುಂಚೆ ಮುಖ್ಯ ಸ್ವಿಚ್ಚನ್ನು ಆರಿಸಬೇಕು. ಪಂಪು ಬಹಳ ಹೊತ್ತು ನಿಂತರೆ ಚೊಂಬಿನಿಂದ ತೊಟ್ಟಿಯ ನೀರನ್ನೇ ಮೊಗೆದು ಎತ್ತರದಿಂದ ಹೊಯ್ಯುತ್ತಿದ್ದರೂ ಗಾಳಿ ಬೆರೆಯುತ್ತದೆ. ಮನೆಯ ಹುಡುಗರಿಗೆ ಇದು ಇಷ್ಟವಾದ ಕೆಲಸ.

ಗೃಹಿಣಿಯರಿಗೆ ಒಂದು ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ಗುಂಡಿಯಾಕಾರದ ಹವಳಜೀವಿಗಳಲ್ಲಿ ಕೆಲವು ಜಾತಿಗಳು ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವನ್ನು ಹೊಂದಿರುತ್ತವೆ. ನೀರು ಬದಲಿಸುವಾಗ ಬಂಡೆಯನ್ನು ಹೊರತೆಗೆದು, ಶುಚಿಮಾಡುವ ಆಸೆಯಿಂದ ಅದರ ಮೇಲೆ ಕುದಿಯುವ ನೀರು ಹೊಯ್ದು, ಆ ಆವಿಯನ್ನು ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಸಂಗಗಳು ಪರದೇಶಗಳಲ್ಲಿ ನಡೆದಿವೆ. ಬಂಡೆಯನ್ನು ಬೇಯಿಸಬಾರದು, ಒಣಗಿಸಿ ಉಜ್ಜಬಾರದು, ಕೈಗವಸಿಲ್ಲದೆ ಮುಟ್ಟಬಾರದು. ಸೈಫನ್ ಕೊಳವೆಯನ್ನು ಬಾಯಿಂದ ಹೀರಿ ಹರಿಸುವ ಅಭ್ಯಾಸವನ್ನೂ ಬಿಡಬೇಕು.

ನಮ್ಮ ಡ್ರಮ್ಮುಗಳಲ್ಲಿ ಈಗ ಒಂದಕ್ಕೆ ಕೆಂಪು ಬಣ್ಣ ಬಳಿದಿದೆ. ಬಣ್ಣವನ್ನು ನಂಬದೆ, ಹೊಯ್ಯುವ ಮುಂಚೆ ಪ್ರತಿಸಲವೂ ಮಾಪಕವನ್ನು ಅದ್ದುವ ಕೆಲಸವನ್ನು ಹಿರಿಯ ಮಗಳು ವಹಿಸಿಕೊಂಡಿದ್ದಾಳೆ. ಸಂಜೆಯ ಮೇಲೆ ನೀರು ಬದಲಿಸುವುದನ್ನೂ ನಿಲ್ಲಿಸಿದ್ದೇವೆ. ತೆಗೆದ ಹಳೆಯ ನೀರು ಹೊರಗಿನ ಚರಂಡಿಗೆ ಹೋಗುತ್ತದೆ. ಮೊದಮೊದಲು ನೀರು ವ್ಯರ್ಥವಾಗಬಾರದೆಂದು ಹಿತ್ತಿಲಿಗೇ ಚೆಲ್ಲುತ್ತಿದ್ದೆವು. ತೆಂಗಿನ ಮರವು ಅದನ್ನು ಲಕ್ಷಿಸಲಿಲ್ಲ. ಅಜ್ಜಿಯ ಕನಕಾಂಬರದ ಮಡಿ ಮಾತ್ರ ಪೂರ್ತಿ ಸುಟ್ಟುಹೋಯಿತು. ಎರಡು ಮಳೆಗಾಲ ಕಳೆದ ಮೇಲೆಯೇ ಅಲ್ಲಿ ಮತ್ತೆ ಗಿಡ ಹತ್ತಿದುದು.