ಕಾಚು ತೊಳೆದರೂ ಕಲೆ: ತಪ್ಪು ಕೈಯದಲ್ಲ, ನೀರಿನದು

ಸೊಲ್ಲಾಪುರ: ಅಂಗಡಿ ಮುಂದಿನ ದೊಡ್ಡ ಕಾಚು, ಮನೆಯ ಸ್ಲೈಡಿಂಗ್ ಕಿಟಕಿ, ಮಾಳಿಗೆ ಮೇಲಿನ ಸೋಲಾರ್ ಪ್ಲೇಟು. ಮೂರನ್ನೂ ಪೈಪ್ ಹಿಡಿದು ತೊಳೆದು ಹಾಗೇ ಆರಲು ಬಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಕಾಣುವುದು ಬಿಳಿ ಚುಕ್ಕಿ. ‘ತಮ್ಮಾ, ತೊಳದಿ ಖರೆ, ಈ ಕಲೆ ಯಾಕ ಹೋಗವಲ್ದು?’ ಎಂದು ಮಾಲೀಕರು ಕೇಳುವುದು, ‘ಕಾಕಾ, ಇನ್ನೊಮ್ಮೆ ಸೋಪು ಹಾಕ್ತೀನ್ರಿ’ ಎಂದು ಹುಡುಗ ಹೇಳುವುದು ಇಲ್ಲಿ ಮಾಮೂಲಿ. ಸೋಪು ಎಷ್ಟು ಹಾಕಿದರೂ ಅದು ಹೋಗುವುದಿಲ್ಲ. ಅದು ಧೂಳಲ್ಲ, ನೀರಿನೊಳಗಿನ ಉಪ್ಪು.

ಲೆಕ್ಕ ಸರಳ. ನೀರಿನಲ್ಲಿ ಕರಗಿದ ಉಪ್ಪಿನ ಒಟ್ಟು ಪ್ರಮಾಣಕ್ಕೆ ಟಿಡಿಎಸ್ ಎನ್ನುತ್ತಾರೆ. ಬೋರ್ ನೀರಿನ ಟಿಡಿಎಸ್ 1000 ಇದೆ ಎಂದರೆ ಲೀಟರಿಗೆ ಒಂದು ಗ್ರಾಂ ಉಪ್ಪು. 20 ಲೀಟರ್ ಬಕೆಟ್ ನೀರನ್ನು ಪೂರ್ತಿ ಆರಿಸಿದರೆ ತಳದಲ್ಲಿ 20 ಗ್ರಾಂ ಉಳಿಯುತ್ತದೆ. ಕಾಚಿನ ಮೇಲೆ ಒಂದೊಂದು ಹನಿ ಆರಿದಾಗಲೂ ಆಗುವುದು ಇದೇ. ನೀರು ಹಾರಿ ಹೋಗುತ್ತದೆ, ಸುಣ್ಣದಂಥ ಪುಡಿ ಉಳಿಯುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಮಿತಿ 500. ಬೇರೆ ನೀರೇ ಇಲ್ಲದಿದ್ದರೆ 2000ದವರೆಗೂ ನಡೆಯುತ್ತದೆ. ಅಂದರೆ ಕುಡಿಯಲು ಯೋಗ್ಯವಾದ ನೀರು ಕಾಚಿಗೂ ಯೋಗ್ಯ ಅಂತಿಲ್ಲ. ಕಲೆ ಬೀಳಬಾರದು ಎಂದರೆ ಟಿಡಿಎಸ್ ಹತ್ತರ ಒಳಗೆ, ಆದರೆ ಸೊನ್ನೆಯ ಹತ್ತಿರ ಬೇಕು. ಹೆಚ್ಚುಕಡಿಮೆ ಇನ್ವರ್ಟರಿಗೆ ಹಾಕುವ ಬ್ಯಾಟರಿ ನೀರಿನಂಥದ್ದು.

ಗಡಿ ಭಾಗದಲ್ಲಿ ಈ ತೊಂದರೆ ಹೆಚ್ಚಾಗಲು ಕಾರಣವಿದೆ. ನಮ್ಮ ನೆಲದಡಿ ಇರುವುದು ದಖ್ಖನದ ಕರಿಕಲ್ಲು. ಅದರ ಬಿರುಕಿನಲ್ಲಿ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಹೀರಿಕೊಂಡು ಜಡ ಆಗಿರುತ್ತದೆ. ಸೊಲ್ಲಾಪುರಕ್ಕೆ ಉಜನಿಯಿಂದ ನಳದ ನೀರು ಬರುತ್ತದೆ ನಿಜ. ಆದರೆ ನಾಲ್ಕೈದು ದಿನ ನಳದ ದಾರಿ ಕಾಯುವುದು ಈ ಊರಿಗೆ ಹೊಸದಲ್ಲ. ಹೀಗಾಗಿ ಬಳಸುವ ನೀರು ಎಂದರೆ ಬೋರಿನದೇ. ಅಕ್ಕಲಕೋಟ, ಜತ್ತ ಕಡೆಯ ಹಳ್ಳಿಗಳಲ್ಲಿ ಬೇಸಿಗೆಗೆ ಟ್ಯಾಂಕರ್. ಟ್ಯಾಂಕರ್ ಯಾವ ಬಾವಿಯಿಂದ ತುಂಬಿಸಿಕೊಂಡು ಬಂತು ಎಂದು ಕೇಳುವವರು ಯಾರು?

ಪುಣೆಯ ಗಾಜಿನ ಕಟ್ಟಡಗಳಲ್ಲಿ ಹಗ್ಗಕ್ಕೆ ಜೋತು ಕಾಚು ಒರೆಸುವ ಕೆಲಸ ಕಲಿತು ಊರಿಗೆ ಬಂದವನಿಗೂ ಇದು ತಲೆನೋವಾಗುತ್ತದೆ. ಅಲ್ಲಿ ಖಡಕವಾಸಲಾ ಧರಣದ ನೀರು, ಘಟ್ಟದ ಮಳೆಯದು, ಉಪ್ಪು ಕಡಿಮೆ. ಅದೇ ಕೈ, ಅದೇ ವೈಪರು, ಇಲ್ಲಿನ ಬೋರ್ ನೀರಿಗೆ ಬಂದರೆ ಕೆಲಸ ಕೆಡುತ್ತದೆ. ಬ್ರಿಟನ್ನಿನಲ್ಲೂ ಹೀಗೇ. ಏಣಿ ಹತ್ತದೆ ನೆಲದ ಮೇಲೆ ನಿಂತೇ, ಉದ್ದನೆಯ ಕೋಲಿನ ತುದಿಯ ಬ್ರಷ್‌ಗೆ ಶುದ್ಧ ನೀರು ಹಾಯಿಸಿ ಕಿಟಕಿ ತೊಳೆಯುವ ದಂಧೆ ಅಲ್ಲಿ ದೊಡ್ಡದು. ಎತ್ತರದ ಕೆಲಸಕ್ಕೆ 2005ರಲ್ಲಿ ಅಲ್ಲಿ ಸುರಕ್ಷತೆಯ ನಿಯಮ ಬಂದ ಮೇಲೆ ಇನ್ನಷ್ಟು ಬೆಳೆಯಿತು. ಈ ರೀತಿಯಲ್ಲಿ ಒರೆಸುವುದೇ ಇಲ್ಲ, ತೊಳೆದು ಬಿಟ್ಟುಬಿಡುತ್ತಾರೆ. ಹಾಗಾಗಿ ಎಲ್ಲವೂ ನೀರಿನ ಮೇಲೆಯೇ ನಿಂತಿದೆ. ಸ್ಕಾಟ್ಲೆಂಡಿನ ನೀರು ಮೆತ್ತಗಿನದು, ಲಂಡನ್ ಕಡೆಯದು ಜಡ. ಅಲ್ಲಿ ನಡೆದ ಸಾಮಾನು ಇಲ್ಲಿ ನಡೆಯುವುದಿಲ್ಲ.

ಮೊದಲು ಮೀಟರ್, ಆಮೇಲೆ ಮಶೀನ್

ದಂಧೆ ಹಿಡಿಯುವ ಹುಡುಗರು ಮೊದಲು ಮಾಡಬೇಕಾದ್ದು ಕೆಲವೇ ನೂರು ರೂಪಾಯಿಗೆ ಸಿಗುವ ಪೆನ್ನಿನಂಥ ಟಿಡಿಎಸ್ ಮೀಟರ್ ತರುವುದು. ನಳ, ಬೋರು, ಟ್ಯಾಂಕರ್, ಎಲ್ಲವನ್ನೂ ಅಳೆದು ವಹಿಯಲ್ಲಿ ಬರೆದಿಡಬೇಕು. ಬೇಸಿಗೆಯಲ್ಲೊಮ್ಮೆ, ಮಳೆಯಾದ ಮೇಲೊಮ್ಮೆ. ಬೋರ್ ನೀರು ವರ್ಷವಿಡೀ ಒಂದೇ ತರಹ ಇರುವುದಿಲ್ಲ.

ಉಪ್ಪು ತೆಗೆಯಲು ದಾರಿ ಎರಡು. ಒಂದು ಆರ್‌ಓ. ಒಳ್ಳೆ ಪೊರೆ ಇದ್ದರೆ ನೂರಕ್ಕೆ 95ರಷ್ಟು ಉಪ್ಪು ಹೋಗುತ್ತದೆ. 800 ಇದ್ದದ್ದು 40ಕ್ಕೆ ಇಳಿಯುತ್ತದೆ. ಇನ್ನೊಂದು ಡಿಐ, ಅಂದರೆ ರೆಸಿನ್ ಕಾಳು ತುಂಬಿದ ಸಿಲಿಂಡರ್. ಇದು ಸೊನ್ನೆಗೆ ತರುತ್ತದೆ, ಆದರೆ ಕಾಳು ಬೇಗ ತೀರುತ್ತವೆ. ಖರ್ಚಿನ ಗುಟ್ಟು ಇಲ್ಲಿದೆ: 800ರ ನೀರನ್ನು ನೇರವಾಗಿ ರೆಸಿನ್‌ಗೆ ಬಿಡುವ ಬದಲು ಆರ್‌ಓ ಮಾಡಿದ 40ರ ನೀರು ಬಿಟ್ಟರೆ ಅದೇ ಕಾಳು ಸುಮಾರು 20 ಪಟ್ಟು ಹೆಚ್ಚು ನೀರಿಗೆ ಬರುತ್ತವೆ. ಆರ್‌ಓ ಬಿಟ್ಟು ಬರೀ ಸಿಲಿಂಡರ್ ಕೊಂಡವನು ರೆಸಿನ್ ಅಂಗಡಿಗೇ ದುಡಿಯಬೇಕಾಗುತ್ತದೆ. ಹೊರಬರುವ ನೀರು ಹತ್ತು ದಾಟಿತೆಂದರೆ ಕಾಳು ಬದಲಿಸುವ ಹೊತ್ತು. ನಳದ ನೀರಾದರೆ ಆರ್‌ಓಗಿಂತ ಮುಂಚೆ ಇದ್ದಿಲಿನ ಫಿಲ್ಟರ್ ಇರಲೇಬೇಕು, ಕ್ಲೋರಿನ್ ಪೊರೆಯನ್ನು ತಿನ್ನುತ್ತದೆ.

ಸಾಫ್ಟನರ್ ಕೂರಿಸಿದರೆ ಸಾಕು ಎನ್ನುವ ಅಂಗಡಿಯವರೂ ಇದ್ದಾರೆ. ಅದು ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೂರಿಸುತ್ತದೆ ಅಷ್ಟೇ. ಗೀಜರಿಗೆ, ಬಟ್ಟೆಗೆ ಒಳ್ಳೆಯದು. ಟಿಡಿಎಸ್ ಇಳಿಯುವುದಿಲ್ಲ, ಕಾಚಿನ ಕಲೆ ತಪ್ಪುವುದಿಲ್ಲ.

ಹೊಲಕ್ಕೆ ಬಿಟ್ಟರೆ ಕೆಟ್ಟಿತು

ಆರ್‌ಓ ಎಂದ ಮೇಲೆ ಬಿಸಾಡುವ ನೀರು ಇದ್ದದ್ದೇ. ಮನೆಯ ಸಣ್ಣ ಮಶೀನು ಒಂದು ಲೀಟರ್ ಕೊಡಲು ಎರಡು-ಮೂರು ಲೀಟರ್ ಹೊರಗೆ ಹಾಕುತ್ತದೆ. ಹೆಣ್ಣುಮಕ್ಕಳು ಕೊಡ ಹಿಡಿದು ಸಾಲಿಗೆ ನಿಲ್ಲುವ ಊರಲ್ಲಿ ಕಾಚಿಗಾಗಿ ಇಷ್ಟು ನೀರು ಚರಂಡಿಗೆ ಹೋದರೆ ಜನ ಸುಮ್ಮನಿರುವುದಿಲ್ಲ, ಇರಲೂಬಾರದು. ನೆಲ ಒರೆಸಲು, ಸಂಡಾಸಿಗೆ, ಗಾಡಿಯ ಕೆಸರು ಹೋಗಿಸಲು ಅದು ನಡೆಯುತ್ತದೆ. ಗಿಡಕ್ಕೆ, ಎರೆ ಹೊಲಕ್ಕೆ ಮಾತ್ರ ಬೇಡ. ಉಪ್ಪೆಲ್ಲ ಅದರಲ್ಲೇ ಕೂಡಿರುತ್ತದೆ. ಎರೆ ಮಣ್ಣು ಮೊದಲೇ ನೀರು ಬಸಿಯದ ಮಣ್ಣು, ಸವಳು ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ.

ಇನ್ನು ಮನೆ ಮಾತು. ನಾಲ್ಕು ಕಿಟಕಿಗೆ ಇಷ್ಟೆಲ್ಲ ಬೇಕಿಲ್ಲ. ಯಾವ ನೀರಿನಿಂದಲೇ ತೊಳೆಯಿರಿ, ಆರುವ ಮೊದಲು ರಬ್ಬರ್ ವೈಪರಿನಿಂದ ಎಳೆದು ತೆಗೆದರೆ ಕಲೆಗೆ ಜಾಗವೇ ಇಲ್ಲ. ಸೋಲಾರ್ ಪ್ಲೇಟಿನ ಮಾತು ಬೇರೆ. 2024ರಲ್ಲಿ ಸೂರ್ಯಘರ್ ಯೋಜನೆ ಬಂದು 3 ಕಿಲೋವ್ಯಾಟಿಗೆ 78 ಸಾವಿರದವರೆಗೆ ಸಬ್ಸಿಡಿ ಎಂದಾದ ಮೇಲೆ ಮಾಳಿಗೆ ಮೇಲೆ ಪ್ಲೇಟು ಹಾಕಿಸುವುದು ಹಗುರಾಯಿತು. ಅವು 25 ವರ್ಷ ಬಾಳಬೇಕಾದವು. ಬೋರ್ ನೀರಿನ ಪೊರೆ ವಾರವಾರ ಕೂತು ಗಟ್ಟಿಯಾದರೆ ಬಿಸಿಲು ಒಳಗೆ ಹೋಗುವುದು ಕಡಿಮೆ, ಕರೆಂಟೂ ಕಡಿಮೆ. ಧೂಳನ್ನು ಸಾದಾ ನೀರಿನಲ್ಲಿ ಮೆತ್ತನೆ ಬ್ರಷ್‌ನಿಂದ ತೆಗೆದು, ಕೊನೆಯ ಕೈಗೆ ಮಾತ್ರ ಜಾರಿನ ಆರ್‌ಓ ನೀರು ಹಾಕಿದರೆ ಖರ್ಚೂ ಹಿಡಿತದಲ್ಲಿರುತ್ತದೆ. ತೊಳೆಯುವುದು ಬೆಳಿಗ್ಗೆ ಬಿಸಿಲೇರುವ ಮುಂಚೆ. ಕಾದ ಗಾಜಿನ ಮೇಲೆ ತಣ್ಣೀರು ಸುರಿದರೆ ಬಿರುಕು ಬಿಡಬಹುದು. ಹಳೆ ಕಲೆಗೆ ವಿನೆಗರ್ ಬೆರೆಸಿದ ನೀರು ಸಾಕು. ಬಾತ್‌ರೂಮ್ ಆಸಿಡ್ ತಂದು ಉಜ್ಜುವವರಿದ್ದಾರೆ. ಅದು ಅಲ್ಯುಮಿನಿಯಂ ಚೌಕಟ್ಟನ್ನೂ ಗಾಜಿನ ಮೇಲಿನ ಲೇಪವನ್ನೂ ತಿಂದುಹಾಕುತ್ತದೆ.

ಬಿಟ್ಟಿ ಸಿಗುವ ಶುದ್ಧ ನೀರೂ ಒಂದಿದೆ, ಮಳೆಯದು. ಸೊಲ್ಲಾಪುರಕ್ಕೆ ಸೆಪ್ಟೆಂಬರ್ ಮಳೆಯೇ ಜೋರು. ಮಾಳಿಗೆ ತೊಳೆದು ಹೋಗುವ ಮೊದಲ ನೀರು ಬಿಟ್ಟು, ಆಮೇಲಿನದನ್ನು ಮುಚ್ಚಿದ ಪ್ಲಾಸ್ಟಿಕ್ ಟಾಕಿಯಲ್ಲಿ ಹಿಡಿದಿಟ್ಟು ಮೀಟರ್ ಅದ್ದಿ ನೋಡಿ, ಬೋರಿನ ಅಂಕಿಗೂ ಇದಕ್ಕೂ ಎಷ್ಟು ಅಂತರ ಎಂದು. ಚಳಿಗಾಲದ ಧೂಳಿಗೆ ಅದು ಉಪಯೋಗಕ್ಕೆ ಬರುತ್ತದೆ. ಬ್ಯಾಟರಿಗೆ ಮಾತ್ರ ಅದನ್ನು ಹಾಕಬೇಡಿ, ಅಲ್ಲಿಗೆ ಅಂಗಡಿಯ ಬಾಟಲಿಯೇ ಬೇಕು.