ಎಚ್ಚರಿಕೆಯ ಪಟ್ಟಿ ಯಾರ ಕೈಗೆ, ಯಾವಾಗ?

ನಮ್ಮ ಕಕ್ಷಿದಾರರಾದ ಓರ್ವ ಸಣ್ಣ ಕೈಗಾರಿಕೋದ್ಯಮಿಯ ಬಿಲ್ಲಿಂಗ್ ತಂತ್ರಾಂಶವು ಖರೀದಿದಾರರ ಜಿಎಸ್‌ಟಿ ಸಂಖ್ಯೆಯನ್ನೇ ನಮೂದಿಸದೆ ಹಲವು ಬಿಲ್ಲುಗಳನ್ನು ಹೊರಡಿಸಿತು. ಅವು ಖರೀದಿದಾರರ ಜಿಎಸ್‌ಟಿಆರ್-2ಬಿಯಲ್ಲಿ ಕಾಣಿಸಲಿಲ್ಲ. ಹೂಡುವಳಿ ತೆರಿಗೆಯ ಜಮೆ ದೊರೆಯದ ಕಾರಣ ಅವರು ತೆರಿಗೆಯ ಮೊತ್ತವನ್ನು ತಡೆಹಿಡಿದರು. ವಿಚಾರಿಸಲಾಗಿ, ತಂತ್ರಾಂಶ ರಚಿಸಿದವರ ಬಳಿ ಈ ದೋಷದ ಎಚ್ಚರಿಕೆ ಮೊದಲೇ ಇತ್ತೆಂದು ತಿಳಿಯಿತು. 'ಈ ಮೌಲ್ಯ ಖಾಲಿ ಇರಬಹುದು' ಎಂಬ ಆ ಒಂದು ಸಾಲು ಸಾವಿರಾರು ಸಾಲುಗಳ ಪಟ್ಟಿಯೊಳಗೆ ಹೂತುಹೋಗಿತ್ತು.

ಇಂತಹ ಪಟ್ಟಿಯನ್ನು ತಯಾರಿಸುವ ಸಾಧನಕ್ಕೆ ಲಿಂಟರ್ ಎಂದು ಹೆಸರು. ಇದರ ಮೂಲವಾದ 'ಲಿಂಟ್' ಅನ್ನು ಅಮೆರಿಕದ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ಅವರು ಸಿ ಭಾಷೆಗಾಗಿ ರೂಪಿಸಿ, 1978ರ ವರದಿಯಲ್ಲಿ ವಿವರಿಸಿದರು. (ಅರಳೆ ವ್ಯಾಪಾರದ ಸದಸ್ಯರಿಗೆ ಲಿಂಟ್ ಎಂದರೆ ಬೀಜ ಬೇರ್ಪಡಿಸಿದ ಹತ್ತಿ; ಇಲ್ಲಿ ಬಟ್ಟೆಗಂಟಿದ ನಾರಿನ ಚೂರು ಎಂದರ್ಥ.) ಕೋಡನ್ನು ಚಾಲನೆಗೊಳಿಸದೆಯೇ ಓದಿ, ಸಂಶಯಾಸ್ಪದ ಸಾಲುಗಳನ್ನು ಗುರುತಿಸುವುದು ಇದರ ಕೆಲಸ. ಒಂದು ರೀತಿಯ ಲೆಕ್ಕಪರಿಶೋಧನೆಯೇ ಸರಿ.

ದೋಷ ಗುರುತಿಸಿದ ಮಾತ್ರಕ್ಕೆ ಅದು ತಿದ್ದಲ್ಪಡುವುದೆ? ಫೇಸ್‌ಬುಕ್ ಸಂಸ್ಥೆಯು 2014ರಲ್ಲಿ ಇದೇ ಜಾತಿಯ 'ಇನ್‌ಫರ್' ಎಂಬ ಸಾಧನವನ್ನು ಬಳಕೆಗೆ ತಂದಿತು. ಮೊದಲು ಪ್ರತಿರಾತ್ರಿ ಸಮಸ್ತ ಆಂಡ್ರಾಯ್ಡ್ ಕೋಡನ್ನು ಪರೀಕ್ಷಿಸಿ, ದೋಷಗಳನ್ನು ಪಟ್ಟಿ ಮಾಡಿ, ಸೂಕ್ತರೆಂದು ತೋರಿದ ಇಂಜಿನಿಯರುಗಳಿಗೆ ಹಂಚಲಾಯಿತು. ಬಹುತೇಕ ಯಾರೂ ಮುಟ್ಟಲಿಲ್ಲ. ಬಳಿಕ, ಇಂಜಿನಿಯರು ತನ್ನ ಬದಲಾವಣೆಯನ್ನು ಪರಿಶೀಲನೆಗೆ ಸಲ್ಲಿಸಿದ ಕೂಡಲೇ, ಆ ಬದಲಾವಣೆಗೆ ಸಂಬಂಧಿಸಿದ ಎಚ್ಚರಿಕೆ ಮಾತ್ರ ಅಲ್ಲಿಯೇ ಕಾಣುವಂತೆ ಮಾಡಲಾಯಿತು. ತಿದ್ದುವಿಕೆಯ ಪ್ರಮಾಣ ಶೇ. 70ನ್ನು ಮೀರಿತು! ಸಾಧನವೂ ಅದೇ, ಸುಳ್ಳು ಎಚ್ಚರಿಕೆಗಳ ಪ್ರಮಾಣವೂ ಅದೇ. ಇದನ್ನು ರೂಪಿಸಿದವರೇ 2019ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಸಂಗತಿ ದಾಖಲಾಗಿದೆ.

ಕಾರಣವು ನಮ್ಮ ವೃತ್ತಿಯವರಿಗೆ ಅಪರಿಚಿತವಲ್ಲ. ಏಪ್ರಿಲ್‌ನಲ್ಲಿ ಬರೆದ ವೋಚರಿನ ವಿಷಯವನ್ನು ಮುಂದಿನ ಸೆಪ್ಟೆಂಬರಿನಲ್ಲಿ ಕೇಳಿದರೆ ಗುಮಾಸ್ತನಿಗೆ ಏನು ನೆನಪಿದ್ದೀತು? ಅಷ್ಟರಲ್ಲಿ ಆತ ಕೆಲಸ ಬಿಟ್ಟಿರಲೂಬಹುದು. ನಾನೂ ವರ್ಷಗಟ್ಟಲೆ ಇಂತಹ ಉದ್ದನೆಯ ಪ್ರಶ್ನಾವಳಿಗಳನ್ನು ಕಳುಹಿಸಿದವನೇ. ಅವು ಕಡತ ಸೇರಿದ್ದನ್ನೂ ಕಂಡಿದ್ದೇನೆ.

ಎಚ್ಚರಿಕೆಗಳ ದರ್ಜೆಯೂ ಮುಖ್ಯ. ಜಾವಾಸ್ಕ್ರಿಪ್ಟ್ ಭಾಷೆಗೆ ಬಳಸುವ ಈಎಸ್‌ಲಿಂಟ್‌ನಲ್ಲಿ ಪ್ರತಿಯೊಂದು ನಿಯಮವನ್ನೂ 'ನಿಷ್ಕ್ರಿಯ', 'ಎಚ್ಚರಿಕೆ', 'ದೋಷ' ಎಂಬ ಮೂರರಲ್ಲಿ ಒಂದು ದರ್ಜೆಯಲ್ಲಿ ಇಡಬಹುದು. ದೋಷವೆಂದಾದರೆ ಪರೀಕ್ಷೆ ವಿಫಲವಾಗುತ್ತದೆ. ಬರಿಯ ಎಚ್ಚರಿಕೆಯಾದರೆ, ಮಿತಿಯನ್ನು ನಿಗದಿಪಡಿಸದ ಹೊರತು, ಕೆಲಸ ಮುಂದುವರಿಯುತ್ತದೆ. ನಮ್ಮ ಕಕ್ಷಿದಾರರ ಪ್ರಕರಣದಲ್ಲಿ ಎಲ್ಲವೂ 'ಎಚ್ಚರಿಕೆ'ಯೇ ಆಗಿತ್ತು. ಅಲ್ಪವಿರಾಮದ ಲೋಪಕ್ಕೂ ಖಾಲಿ ಜಿಎಸ್‌ಟಿ ಸಂಖ್ಯೆಗೂ ಒಂದೇ ಬೆಲೆ.

ತರುವಾಯ ನವೀಕರಿಸಿದ ನಿರ್ವಹಣಾ ಕರಾರಿನಲ್ಲಿ ಮೂರು ಷರತ್ತುಗಳನ್ನು ಬರೆಸಿದೆವು. ಹಳೆಯ ಎಚ್ಚರಿಕೆಗಳನ್ನು ಪ್ರತ್ಯೇಕವಾಗಿ ದಾಖಲಿಸಿಟ್ಟು, ಹೊಸತಾಗಿ ಹುಟ್ಟಿದವನ್ನು ಮಾತ್ರ ಆಯಾ ಬದಲಾವಣೆಯೊಂದಿಗೆ, ಅದನ್ನು ಬರೆದವರಿಗೇ ತೋರಿಸತಕ್ಕದ್ದು. ತೆರಿಗೆ, ಮೊತ್ತ, ಪಕ್ಷಕಾರರ ವಿವರಗಳಿಗೆ ಸಂಬಂಧಿಸಿದವು 'ದೋಷ' ದರ್ಜೆಯಲ್ಲಿರತಕ್ಕದ್ದು. ಹಳೆಯ ಪಟ್ಟಿ ಎಷ್ಟು ಕರಗಿತೆಂಬುದನ್ನು ಪ್ರತಿ ತ್ರೈಮಾಸಿಕ ಹಣ ಪಾವತಿಗೆ ಮುನ್ನ ಲಿಖಿತವಾಗಿ ತಿಳಿಸತಕ್ಕದ್ದು. ಮೊದಲೆರಡಕ್ಕೆ ತಂತ್ರಾಂಶದವರು ಕೂಡಲೇ ಒಪ್ಪಿದರು. ಮೂರನೆಯದಕ್ಕೆ ಒಪ್ಪಲು ಎರಡು ವಾರ ಹಿಡಿಯಿತು.